ಯಾವತ್ತಿನಿಂದ ನಿದ್ದೆ ಬಂದಿಲ್ಲ, ಎಲ್ಲಾದರೂ ಬರೆದಿದೆಯಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಸೇನೆಯಲ್ಲಿದ್ದಾಗಲೋ ಬಂದ ಮೇಲೋ ಮನಸ್ಸಿಗೆ ಕಾಯಿಲೆ, ಅದಕ್ಕೆ ಡಿಸೆಬಿಲಿಟಿ ಪೆನ್ಶನ್ ಸಿಗುತ್ತದಾ, ಯಾವ ಡಾಕ್ಟರ ಕಾಗದ ಬೇಕು? ಹಾಗಾಗಿ ಉಳಿದ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇನೆ.

ಹೊಸಬರಿಗೆ ಒಂದು ಮಾತು. ನಾನು ಡಾಕ್ಟರೂ ಅಲ್ಲ, ವಕೀಲನೂ ಅಲ್ಲ. ಮಿಲಿಟರಿ ಆಸ್ಪತ್ರೆಯೊಂದರಲ್ಲಿ, ಸೈನಿಕರ ಕಾಯಿಲೆ ಪರೀಕ್ಷಿಸಿ ಅಭಿಪ್ರಾಯ ಬರೆಯುವ ಡಾಕ್ಟರುಗಳ ಮೆಡಿಕಲ್ ಬೋರ್ಡ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವನು. ಡಾಕ್ಟರು ಹೇಳಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸ. ಮಂಡಿ ಮುರಿದುಕೊಂಡವನ ಫೈಲಿನಲ್ಲಿ ಎಕ್ಸ್‌ರೇ ಇರುತ್ತಿತ್ತು. ಮನಸ್ಸು ಮುರಿದವನ ಫೈಲಿನಲ್ಲಿ ಬರೀ ಮಾತು. ಆ ಮಾತನ್ನು ಯಾರು ಬರೆದರು, ಯಾವ ತಾರೀಖಿಗೆ ಬರೆದರು, ಯಾಕೆ ಹಾಗೆ ಬರೆದರು, ಇಷ್ಟರ ಮೇಲೆ ಅವನ ಪೆನ್ಶನ್ ನಿಲ್ಲುತ್ತಿತ್ತು.

ಪ್ರಶ್ನೆ: ನನ್ನ ಗಂಡ 17 ವರ್ಷ ಸೇವೆ ಮಾಡಿ 2019ರಲ್ಲಿ ಪೆನ್ಶನ್ ಬಂದರು. ಎರಡು ಸಲ ಕಾಶ್ಮೀರದಲ್ಲಿದ್ದರು. ಬರುವಾಗ ಶೇಪ್ ಒನ್, ಪೂರ್ತಿ ಫಿಟ್ ಎಂದೇ ಬರೆದಿದ್ದಾರೆ. ಈಗ ತೋಟಕ್ಕೆ ಆನೆ ಬಂತೆಂದು ಪಕ್ಕದವರು ಪಟಾಕಿ ಹೊಡೆದರೆ ಸಾಕು, ಮಂಚದ ಕೆಳಗೆ ಹೋಗಿ ಮಲಗುತ್ತಾರೆ, ಬೆಳಗಾಗುವ ತನಕ ಹೊರಗೆ ಬರುವುದಿಲ್ಲ. ಮೈಸೂರಿನ ಡಾಕ್ಟರ್ ಪಿಟಿಎಸ್‌ಡಿ (ದೊಡ್ಡ ಆಘಾತ ಕಂಡ ಮೇಲೆ ಬರುವ ಮಾನಸಿಕ ಕಾಯಿಲೆ) ಎಂದರು. ಅವರ ಚೀಟಿ ಇಟ್ಟು ಅರ್ಜಿ ಹಾಕಬಹುದಾ? (ದಕ್ಷಿಣ ಕೊಡಗು)

ಅಕ್ಕ, ಅರ್ಜಿಯ ಮಾತು ಆಮೇಲೆ. ಮನೆಯಲ್ಲಿ ಕೋವಿ ಇದೆಯಾ? ಕೊಡಗಿನ ಮನೆ, ಇದ್ದೇ ಇರುತ್ತದೆ. ಸದ್ಯಕ್ಕೆ ಅದು ನಿಮ್ಮ ಮನೆಯಲ್ಲಿರುವುದು ಬೇಡ. ಬೇರೆ ಕಡೆ ಭದ್ರವಾಗಿ, ಕಾನೂನು ಪ್ರಕಾರವೇ ಇಡುವುದು ಹೇಗೆ ಎಂದು ಠಾಣೆಯಲ್ಲಿ ಕೇಳಿ ಏರ್ಪಾಡು ಮಾಡಿ. ಮೊದಲು ಡಾಕ್ಟರಿಗೆ ಕೋವಿ ವಿಷಯ ತಿಳಿಸಿ, ಅವರೂ ಇದನ್ನೇ ಹೇಳುತ್ತಾರೆ. ಆಮೇಲೆ ಗಂಡನ ಹತ್ತಿರ ಸುಳ್ಳು ಹೇಳಬೇಡಿ, ಡಾಕ್ಟರು ಹೇಳಿದ್ದಾರೆ ಅನ್ನಿ.

ಈಗ ಚೀಟಿ. ಚೀಟಿ ಒಂದೇ ಇಟ್ಟರೆ ತಿರಸ್ಕಾರವಾಗುವುದು ಹೆಚ್ಚುಕಡಿಮೆ ಖಚಿತ. ಕಾಯಿಲೆ ಇಲ್ಲ ಎಂದು ಸೇನೆಯವರು ಹೇಳುವುದಿಲ್ಲ. ಕಾಯಿಲೆ ಇರಬಹುದು, ಅದಕ್ಕೂ ಸೇವೆಗೂ ಏನು ಸಂಬಂಧ, ಬರುವಾಗ ಫಿಟ್ ಇದ್ದರಲ್ಲ ಎನ್ನುತ್ತಾರೆ. ಹೊರಗೆ ಬಂದ ಮೇಲೆ ಕಾಣಿಸಿದ ಕಾಯಿಲೆಗೂ ನಿಯಮದಲ್ಲಿ ಜಾಗ ಇದೆ. ಕಾಯಿಲೆಯ ಬೀಜ ಸೇವೆಯಲ್ಲಿದ್ದಾಗಲೇ ಬಿದ್ದಿತ್ತು, ತಡವಾಗಿ ತಲೆಯೆತ್ತಿತು ಎಂದು ವೈದ್ಯಕೀಯವಾಗಿ ತೋರಿಸಬೇಕು. ಬಿಡುಗಡೆಯಾದ ಮೇಲೆ ಇಂತಿಷ್ಟು ವರ್ಷದೊಳಗೆ ಎಂಬ ಮಿತಿಯೂ ಇದೆ. ಆದ್ದರಿಂದ ನಿಮಗೆ ಬೇಕಾಗಿರುವುದು ಮೈಸೂರಿನ ಡಾಕ್ಟರನ್ನು ಕಂಡ ತಾರೀಖಲ್ಲ. ಮೊದಲ ಲಕ್ಷಣ ಕಂಡ ತಾರೀಖು. ಪಿಟಿಎಸ್‌ಡಿ ತಡವಾಗಿ ಪೂರ್ತಿ ರೂಪಕ್ಕೆ ಬರಬಹುದು ಎಂಬುದನ್ನು ಮನೋವೈದ್ಯರ ಪಠ್ಯವೇ ಒಪ್ಪುತ್ತದೆ. ಘಟನೆ ನಡೆದು ಆರು ತಿಂಗಳು ಕಳೆದ ಮೇಲೆ ಎಲ್ಲ ಲಕ್ಷಣ ಕೂಡಿದರೆ ಅದಕ್ಕೆ ಬೇರೆ ಹೆಸರೇ ಕೊಟ್ಟಿದ್ದಾರೆ. ನಿಮ್ಮ ಡಾಕ್ಟರು ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆಯಬೇಕು.

ಅವರಿಗೆ ಬರೆಯಲು ನೀವು ಏನು ಕೊಡುತ್ತೀರಿ? ಅಟ್ಟದ ಮೇಲೆ ಕಪ್ಪು ತಗಡಿನ ಟ್ರಂಕು ಇರಬೇಕಲ್ಲ, ಬಿಳಿ ಬಣ್ಣದಲ್ಲಿ ನಂಬರು ಬರೆದದ್ದು. ಇಳಿಸಿ. ಡಿಸ್ಚಾರ್ಜ್ ಬುಕ್, ರಜೆ ಚೀಟಿಗಳು, ಯಾವ ಯೂನಿಟ್ ಯಾವ ವರ್ಷ ಎಲ್ಲಿತ್ತು ಎಂಬ ಗುರುತುಗಳು, ಎಲ್ಲ ತೆಗೆಯಿರಿ. ಅವರು ನಿಮಗೆ ಬರೆದ ಕಾಗದಗಳಿದ್ದರೆ ಬಿಸಾಡಬೇಡಿ. 56 ಎಪಿಒ ಅಂತ ಸೇನೆಯ ಅಂಚೆ ಮುದ್ರೆ ಬಿದ್ದಿರುತ್ತದೆ, ತಾರೀಖೂ ಇರುತ್ತದೆ. ‘ರಾತ್ರಿ ನಿದ್ದೆ ಹತ್ತುತ್ತಿಲ್ಲ, ಜೊತೆಗಿದ್ದವನು ಹೋದಾಗಿನಿಂದ ಊಟ ಸೇರುತ್ತಿಲ್ಲ’ ಎಂಬ ಎರಡು ಸಾಲು ಅದರಲ್ಲಿ ಇದ್ದುಬಿಟ್ಟರೆ, ಪೆನ್ಶನ್ನಿಗಾಗಿ ಇವತ್ತು ಹುಟ್ಟಿಸಿದ ಕತೆ ಇದು ಎಂದು ಯಾರೂ ಹೇಳಲಾಗುವುದಿಲ್ಲ.

ಅಡುಗೆಮನೆ ಕ್ಯಾಲೆಂಡರೂ ಆಗುತ್ತದೆ. ಒಬ್ಬ ತಾಯಿ ಹಾಲಿನ ಲೆಕ್ಕದ ಪಕ್ಕದಲ್ಲಿ ಮಗ ಕೂಗಿಕೊಂಡು ಎದ್ದ ರಾತ್ರಿಗಳಿಗೆ ಸಣ್ಣ ಸುನ್ನೆ ಹಾಕಿಟ್ಟಿದ್ದನ್ನು ನಾನು ಕಂಡಿದ್ದೇನೆ. ಏಳು ತಿಂಗಳ ಸುನ್ನೆ. ಅದನ್ನು ಮನೋವೈದ್ಯರು ಒಂದೊಂದೇ ಎಣಿಸಿ ವರದಿಯಲ್ಲಿ ಬರೆದುಕೊಂಡರು.

ಜೊತೆಗೆ ಆ ಯೂನಿಟ್ಟಿನಲ್ಲಿದ್ದ ಒಬ್ಬರು ಇಬ್ಬರ ಹೇಳಿಕೆ ತೆಗೆದುಕೊಳ್ಳಿ. ‘ಒಳ್ಳೆಯ ಸೈನಿಕ’ ಎಂಬ ಸರ್ಟಿಫಿಕೇಟು ಬೇಡ. ಇಂಥ ತಿಂಗಳು, ಇಂಥ ಕಡೆ, ಇಂಥದ್ದು ನಡೆಯಿತು, ಆಮೇಲೆ ಇವನು ಹೀಗಿದ್ದ ಎಂದು ಕಂಡದ್ದನ್ನು ಬರೆದು ಸಹಿ ಮಾಡಲಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ಕಿಗೂ ಕರೆದುಕೊಂಡು ಹೋಗಿ ರೆಫರಲ್ ಮಾಡಿಸಿ. ಸರಕಾರದ ದಾಖಲೆಯಲ್ಲೂ ಒಂದು ಸಾಲು ಬೀಳಲಿ. ಇಷ್ಟು ಕೂಡಿದ ಮೇಲೆ ಅವರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಅರ್ಜಿ, ಮೆಡಿಕಲ್ ಬೋರ್ಡ್ ಮುಂದೆ ಕರೆಸಿ ಎಂಬ ಕೋರಿಕೆ. ಸಿಕ್ಕೇ ಸಿಗುತ್ತದೆ ಎಂದು ಹೇಳಿ ನಿಮ್ಮ ಆಸೆ ಹೆಚ್ಚಿಸುವುದಿಲ್ಲ. ಫಿಟ್ ಎಂದು ಬಂದವರ ದಾರಿ ಎಲ್ಲಕ್ಕಿಂತ ಕಷ್ಟದ್ದು. ಚಿಕಿತ್ಸೆಯನ್ನಂತೂ ಪೆನ್ಶನ್ನಿಗೆ ಕಾಯಿಸಬೇಡಿ.

ಪ್ರಶ್ನೆ: ಡಿಪ್ರೆಶನ್, ಶೇಕಡ 40, ಜೀವನಪರ್ಯಂತ ಎಂದು ರಿಲೀಸ್ ಮೆಡಿಕಲ್ ಬೋರ್ಡ್ ಬರೆದಿದೆ. ಆದರೂ ಪೆನ್ಶನ್ ಇಲ್ಲವಂತೆ, ‘ನಾನಾ’ ಅಂತೆ. 2022ರಲ್ಲಿ ಹೊರಗೆ ಬಂದೆ, ತಿರಸ್ಕಾರದ ಪತ್ರ ಬಂದು ನಾಲ್ಕು ತಿಂಗಳಾಯಿತು. ಕಾಯಿಲೆ ಹಿಡಿದದ್ದು ಪೀಸ್ ಸ್ಟೇಷನ್ನಿನಲ್ಲಿ, ಅಂದರೆ ಕಾರ್ಯಾಚರಣೆ ಇಲ್ಲದ ಕಡೆ, ಎಂದು ಕಾರಣ ಕೊಟ್ಟಿದ್ದಾರೆ. ಆದರೆ ನಾನು ಗಡಿಯಿಂದ ಬಂದು ಆಗ ನಾಲ್ಕೇ ತಿಂಗಳು. ಏನು ಮಾಡಲಿ, ಗೆದ್ದರೆ ಏನು ಸಿಗುತ್ತದೆ? (ಗದಗ ಜಿಲ್ಲೆ)

ಈ ‘ನಾನಾ’ಕ್ಕೆ ಕನ್ನಡದ ನಾನಾ ಅರ್ಥ ಇಲ್ಲ, ಒಂದೇ ಅರ್ಥ. ಸೇವೆಯಿಂದ ಬಂದ ಕಾಯಿಲೆಯೂ ಅಲ್ಲ, ಸೇವೆಯಿಂದ ಜಾಸ್ತಿಯಾದ ಕಾಯಿಲೆಯೂ ಅಲ್ಲ. ಎರಡು ‘ಅಲ್ಲ’ ಸೇರಿ ಇಂಗ್ಲಿಷಿನಲ್ಲಿ ನಾನಾ (NANA). ಶೇಕಡ 40 ಇರಲಿ, 80 ಇರಲಿ, ಈ ನಾಲ್ಕಕ್ಷರ ಬಿದ್ದರೆ ಡಿಸೆಬಿಲಿಟಿ ಹಣ ಸೊನ್ನೆ.

ನಿಮ್ಮದರಲ್ಲಿ ಜೀವ ಇದೆ. ಮೊದಲ ಕೆಲಸ, ಮೊದಲ ಅಪೀಲಿಗೆ ತಿರಸ್ಕಾರ ಪತ್ರ ಕೈಸೇರಿದ ದಿನದಿಂದ ಆರು ತಿಂಗಳು ಗಡುವು. ನಾಲ್ಕು ಕಳೆದಿದ್ದೀರಿ. ವಕೀಲರು ಸಿಗಲಿ ಎಂದು ಕಾಯದೆ ಅಪೀಲು ಹಾಕಿ.

ಇನ್ನು ‘ಪೀಸ್ ಸ್ಟೇಷನ್’. ಇದು ಬೋರ್ಡಿನವರ ಬಾಯಿಪಾಠ. ನಾನೇ ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕ ಇಲ್ಲ, ಬೆರಳುಗಳೇ ತಾವಾಗಿ ಹೊಡೆಯುತ್ತಿದ್ದವು. ಆದರೆ ನಿಮ್ಮ ಕಾಲದವರಿಗೆ ಅನ್ವಯಿಸುವ, ಮಿಲಿಟರಿ ಡಾಕ್ಟರಿಗೆಂದೇ ಇರುವ 2008ರ ಮಾರ್ಗದರ್ಶಿಯಲ್ಲಿ 54ನೇ ಪ್ಯಾರಾ ಮನಸ್ಸಿನ ಕಾಯಿಲೆಗಳದ್ದು. ಯುದ್ಧಪ್ರದೇಶ, ಬಂಡಾಯ ಹತ್ತಿಕ್ಕುವ ಕಾರ್ಯಾಚರಣೆ, ಅತಿ ಎತ್ತರದ ಜಾಗ, ಒಂಟಿ ಪೋಸ್ಟು, ಸಾವು ಸಂಭವಿಸಿದ ವಾಹನ ಅಪಘಾತ, ಭೂಕಂಪ ಸುನಾಮಿಯಂಥ ಕಡೆ ಹೆಣಗಳ ನಡುವೆ ಮಾಡಿದ ಕೆಲಸ, ಇಂಥ ಕಡೆ ಕಾಯಿಲೆ ಶುರುವಾದರೆ ಸೇವೆಯಿಂದ ಬಂದದ್ದೆಂದು ಒಪ್ಪಬಹುದು ಎಂದಿದೆ. ಗಮನಿಸಿ, ‘ಶುರುವಾದರೆ’. ಆಸ್ಪತ್ರೆಗೆ ಸೇರಿಸಿದ ದಿನ ಕಾಯಿಲೆ ಶುರುವಾದ ದಿನ ಅಲ್ಲ. ಡಿಪ್ರೆಶನ್ ಬೆಳಗ್ಗೆ ಬಂದು ಸಂಜೆ ಗೊತ್ತಾಗುವ ಜ್ವರವಲ್ಲ. ನೀವು ಗಡಿಯಲ್ಲಿದ್ದಾಗಲೇ ಊಟ ಬಿಟ್ಟದ್ದು, ಯೂನಿಟ್ಟಿನ ಚಿಕಿತ್ಸಾ ಕೋಣೆಗೆ, ಅಂದರೆ ಎಂಐ ರೂಮಿಗೆ, ನಿದ್ದೆಗೆಂದು ಮಾತ್ರೆ ಕೇಳಲು ಹೋದದ್ದು, ರಜೆಗೆ ಬಂದಾಗ ಮನೆಯವರ ಹತ್ತಿರ ಮಾತಾಡದೆ ಕೂತದ್ದು, ಇವುಗಳಲ್ಲಿ ಯಾವುದಕ್ಕೆ ಕಾಗದದ ಗುರುತಿದೆ ಹುಡುಕಿ.

ಎರಡು ಫಾರಂ ನಿಮ್ಮ ಕೈಗೆ ಬರಲೇಬೇಕು. ಒಂದು ಎಎಫ್‌ಎಂಎಸ್‌ಎಫ್-16, ಅಂದರೆ ಬೋರ್ಡಿನ ಪೂರ್ತಿ ಕಡತ. ಅದರ ಮೊದಲ ಭಾಗದಲ್ಲಿ ನೀವೇ ಕೊಟ್ಟ ಹೇಳಿಕೆ ಇರುತ್ತದೆ. ಎಲ್ಲೆಲ್ಲಿ ಸೇವೆ, ಪೀಸೋ ಫೀಲ್ಡೋ, ಕಾಯಿಲೆ ಮೊದಲು ಎಲ್ಲಿ ಕಂಡಿತು, ಎಲ್ಲ. ಎಷ್ಟೋ ಜನ ಇದನ್ನು ಓದದೇ ಸಹಿ ಹಾಕಿರುತ್ತಾರೆ. ಇನ್ನೊಂದು ಎಎಫ್‌ಎಂಎಸ್‌ಎಫ್-10. ಮಾನಸಿಕ ಕೇಸುಗಳಲ್ಲಿ ಯೂನಿಟ್ಟಿನ ಕಮಾಂಡಿಂಗ್ ಆಫೀಸರ್ ಬರೆದು ಕಳಿಸುವ ವರದಿ ಇದು. ಹುಡುಗ ಹೇಗಿದ್ದ, ಹೇಗಾದ, ಕುಡಿಯುತ್ತಾನಾ, ಮನೆಯಲ್ಲಿ ತಾಪತ್ರಯ ಇದೆಯಾ. ‘ಮೊದಲು ಚುರುಕಾಗಿದ್ದ, ಇಂಥ ಡ್ಯೂಟಿ ಮುಗಿಸಿ ಬಂದ ಮೇಲೆ ಮಂಕಾದ’ ಎಂದು ಆಫೀಸರ್ ಬರೆದಿದ್ದರೆ ನಿಮಗೆ ಬೇರೆ ಸಾಕ್ಷಿಯೇ ಬೇಡ ಎನ್ನುವಷ್ಟು ಬಲ. ‘ಮನೆಯ ಜಗಳದಿಂದ’ ಎಂದು ಬರೆದಿದ್ದರೆ ಅದಕ್ಕೆ ಉತ್ತರ ತಯಾರಿರಬೇಕು.

ನಿಮ್ಮ ಕಾಲಕ್ಕೆ ಅನ್ವಯಿಸಿದ ನಿಯಮಗಳ ಮೂಲ ಭಾವನೆ ಸೈನಿಕನ ಪರ ಇದೆ. ಸೇರುವಾಗ ಮಾಡಿದ ಪರೀಕ್ಷೆಯಲ್ಲಿ ಕಾಯಿಲೆ ಬರೆದಿಲ್ಲ ಎಂದರೆ ಆಗ ಸರಿಯಾಗಿದ್ದ ಎಂದೇ ಲೆಕ್ಕ, ಅಲ್ಲ ಎನ್ನುವುದಾದರೆ ಬೋರ್ಡು ಕಾರಣ ಕೊಡಬೇಕು. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅದೇ ವರ್ಷ ವೀರ್ ಪಾಲ್ ಸಿಂಗ್ ಪ್ರಕರಣ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯದ್ದೇ. ಬೋರ್ಡು ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ ಎಂದು ಕೋರ್ಟು ಮರುಪರೀಕ್ಷೆಗೆ ಕಳಿಸಿತು. ಆದರೆ ಅರ್ಧ ಸತ್ಯ ಹೇಳುವವನಲ್ಲ ನಾನು. 2019ರಲ್ಲಿ ಇನ್ನೊಂದು ಸ್ಕಿಜೋಫ್ರೇನಿಯಾ ಪ್ರಕರಣದಲ್ಲಿ ಅದೇ ಕೋರ್ಟು ಸೈನಿಕನ ವಿರುದ್ಧ ತೀರ್ಪು ಕೊಟ್ಟಿತು. ಸೇರುವಾಗಿನ ಪರೀಕ್ಷೆಯಲ್ಲಿ ಮನಸ್ಸಿನ ಕಾಯಿಲೆ ಸಿಕ್ಕಿಬೀಳದೇ ಹೋಗಬಹುದು ಎಂದಿತು. ಸರಕಾರದ ಕಡೆಯವರು ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದಾರೆ. 2025ರಲ್ಲಿ ಮತ್ತೆ ತಕ್ಕಡಿ ಈಚೆ ವಾಲಿತು. ಕಾರಣವನ್ನೇ ಬರೆಯದ ಬೋರ್ಡಿನ ಅಭಿಪ್ರಾಯ ನಂಬಿ ಪೆನ್ಶನ್ ನಿರಾಕರಿಸುವ ಹಾಗಿಲ್ಲ ಎಂದು, ಸ್ಕಿಜೋಫ್ರೇನಿಯಾ ಎಂದು ಮನೆಗೆ ಕಳಿಸಿದ್ದ ಸೈನಿಕನೊಬ್ಬನ ಪರ ತೀರ್ಪಾಯಿತು. ಹಾಗಾಗಿ ನಿಮ್ಮ ಕಡತದಲ್ಲಿ ಬೋರ್ಡು ಬರೆದ ಕಾರಣದ ಸಾಲನ್ನು ಹತ್ತು ಸಲ ಓದಿ. ಅದು ನಿಮ್ಮ ಬಗ್ಗೆ ಬರೆದದ್ದಾ, ಅಥವಾ ಎಲ್ಲರ ಫೈಲಿನಲ್ಲೂ ಬರುವ ಸಾಲಾ?

ಗೆದ್ದರೆ ಏನು ಸಿಗುತ್ತದೆ ಎಂದೂ ಕೇಳಿದ್ದೀರಿ. ನೂರಕ್ಕೆ ನೂರು ಡಿಸೆಬಿಲಿಟಿಗೆ ಕೊನೆಯ ಸಂಬಳದ ಶೇಕಡ 30. ನಿಮ್ಮ 40ನ್ನು 50ಕ್ಕೆ ಏರಿಸಿ ಲೆಕ್ಕ ಹಾಕುವ ಪದ್ಧತಿ ಇದೆ, 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವಧಿ ಮುಗಿಸಿ ಬಂದವರಿಗೂ ಅದು ಅನ್ವಯಿಸಿತು. ಕೊನೆಯ ಸಂಬಳ 40,000 ಎಂದಿಟ್ಟುಕೊಳ್ಳಿ, 6,000 ಆಯಿತು. ಮೇಲೆ ತುಟ್ಟಿಭತ್ಯೆ ಬೇರೆ. ಒಂದು ಎಚ್ಚರಿಕೆ: 2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರಿಗೆ ಹೊಸ ನಿಯಮ, ಹೊಸ ಮಾರ್ಗದರ್ಶಿ. ಕೆಲವು ಕಡೆ ಹೆಸರೂ ಬೇರೆ, ‘ಇಂಪೇರ್‌ಮೆಂಟ್ ರಿಲೀಫ್’ ಅನ್ನುತ್ತಾರೆ. ಅಂಥವರು ಮೇಲಿನ ಲೆಕ್ಕವನ್ನು ತಮ್ಮದೆಂದು ಹಿಡಿದುಕೊಂಡು ಕೂರಬೇಡಿ.

ಮೊದಲ ಅಪೀಲು, ಅದರ ನಂತರದ ಎರಡನೆಯ ಅಪೀಲು, ಎರಡೂ ಬಿದ್ದರೆ ಮುಂದಿನದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಜನರ ಬಾಯಲ್ಲಿ ಎಎಫ್‌ಟಿ. ಕರ್ನಾಟಕದವರಿಗೆ ಸೇರಿದ್ದು ಕೊಚ್ಚಿ ಪೀಠ.

ಪ್ರಶ್ನೆ: ಆಸ್ಪತ್ರೆ ಕಾಗದ ಒಂದೂ ನಮ್ಮ ಹತ್ತಿರ ಇಲ್ಲ. ಎಲ್ಲಿಂದ ತರಿಸುವುದು? ಯಜಮಾನರಿಗೆ ಸಹಿ ಹಾಕು ಎಂದರೆ ‘ನಂಗೇನೂ ಆಗಿಲ್ಲ’ ಎಂದು ಪೆನ್ನು ಎಸೆಯುತ್ತಾರೆ. (ಬೆಳಗಾವಿ)

ಮೊದಲು ರೆಕಾರ್ಡ್ ಆಫೀಸು. ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ನಿಮ್ಮೂರಲ್ಲೇ ಇದೆ. ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು. ಸುಮ್ನೆ ‘ಮೆಡಿಕಲ್ ಕಾಗದ ಕೊಡಿ’ ಎಂದು ಬರೆಯಬೇಡಿ, ಫಾರಂ ಹೆಸರು ಹಿಡಿದು ಕೇಳಿ: 16, 10, ಮನೋವೈದ್ಯರ ಅಭಿಪ್ರಾಯ, ಸೇರುವಾಗಿನ ವೈದ್ಯಕೀಯ ಪರೀಕ್ಷೆಯ ಹಾಳೆ. ಉತ್ತರ ಬರದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ, 30 ದಿನದ ಗಡುವು. ಸಿವಿಲ್ ಆಸ್ಪತ್ರೆಯಲ್ಲಿ, ನಿಮ್ಹಾನ್ಸ್‌ನಲ್ಲಿ ಎಲ್ಲಾದರೂ ತೋರಿಸಿದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಂ ಇದೆ, ತನ್ನ ದಾಖಲೆ ನೋಡುವ ಹಕ್ಕು ರೋಗಿಗೆ ಇದೆ.

ರೋಗಿಗೆ. ಅಲ್ಲೇ ನಿಮ್ಮ ಕಷ್ಟ. ಹೆಂಡತಿ ಎಂದ ಮಾತ್ರಕ್ಕೆ ಕಾಗದ ಕೊಡುವುದಿಲ್ಲ, ಕೊಡಲೂಬಾರದು. ಅದೇ ಕಾಯ್ದೆಯಲ್ಲಿ ನಾಮನಿರ್ದೇಶಿತ ಪ್ರತಿನಿಧಿ ಎಂಬ ಏರ್ಪಾಡಿದೆ, ಡಾಕ್ಟರ ಹತ್ತಿರ ಅದರ ಬಗ್ಗೆ ಕೇಳಿ. ಆದರೆ ಕಾಗದಕ್ಕಿಂತ ಮುಂಚೆ ಮನುಷ್ಯ. ಪೆನ್ನು ಎಸೆಯುವವರ ಮುಂದೆ ‘ನಿಮಗೆ ಮಾನಸಿಕ ಕಾಯಿಲೆ’ ಎಂದು ಫಾರಂ ಹಿಡಿಯಬೇಡಿ. ‘ನಿದ್ದೆಗೆ ಏನಾದರೂ ಕೇಳೋಣ’ ಎನ್ನಿ. ನಿದ್ದೆ ಇಲ್ಲ ಎಂಬುದನ್ನು ಒಪ್ಪದ ಫೌಜಿಯನ್ನು ನಾನಿನ್ನೂ ನೋಡಿಲ್ಲ. ಜೊತೆಗೆ ಅವರದೇ ಪಲ್ಟನ್ನಿನ ಹಳೆಯ ಸುಬೇದಾರ್ ಯಾರಾದರೂ ಹತ್ತಿರ ಇದ್ದರೆ ಒಂದು ಸಂಜೆ ಚಹಾಕ್ಕೆ ಕರೆಯಿರಿ. ಹೆಂಡತಿ ಹೇಳಿದರೆ ಕೇಳದವರು ಸುಬೇದಾರ್ ಸಾಹೇಬರು ಹೇಳಿದರೆ ಎದ್ದು ನಿಲ್ಲುತ್ತಾರೆ.

ಪ್ರಶ್ನೆ: ನಾನು ಮನೋವೈದ್ಯ, ಸ್ವಂತ ಕ್ಲಿನಿಕ್. ಮಾಜಿ ಸೈನಿಕರು ಸರ್ಟಿಫಿಕೇಟ್ ಕೇಳಿಕೊಂಡು ಬರುತ್ತಾರೆ. ಬರೆದುಕೊಡುತ್ತೇನೆ, ಆದರೆ ಅದರಿಂದ ಪ್ರಯೋಜನ ಆದಂತೆ ಕಾಣುವುದಿಲ್ಲ. ಏನು ತಪ್ಪುತ್ತಿದ್ದೇನೆ? (ಹುಬ್ಬಳ್ಳಿ)

ಡಾಕ್ಟರೇ, ಈ ಪ್ರಶ್ನೆ ಕೇಳಿದ ಮೊದಲ ವೈದ್ಯರು ನೀವು. ನಮಸ್ಕಾರ.

ಸಾಮಾನ್ಯವಾಗಿ ನನ್ನ ಮುಂದೆ ಬರುವ ಸರ್ಟಿಫಿಕೇಟ್ ಹೀಗಿರುತ್ತದೆ: ‘ಇವರು ಪಿಟಿಎಸ್‌ಡಿಯಿಂದ ಬಳಲುತ್ತಿದ್ದಾರೆ. ಚಿಕಿತ್ಸೆಯಲ್ಲಿದ್ದಾರೆ. ಇವರಿಗೆ ಪೆನ್ಶನ್ ಮಂಜೂರು ಮಾಡಬೇಕಾಗಿ ಕೋರಿಕೆ.’ ಮೂರು ಸಾಲು, ಸೀಲು, ಸಹಿ. ಇದರಲ್ಲಿ ಮೂರನೆಯ ಸಾಲು ಕೆಲಸ ಕೆಡಿಸುತ್ತದೆ. ಪೆನ್ಶನ್ ಕೇಳುವುದು ಅವರ ಕೆಲಸ, ನೀವು ಕೇಳಿದ ಕೂಡಲೇ ನೀವು ಡಾಕ್ಟರ ಸ್ಥಾನದಿಂದ ಇಳಿದು ಅವರ ಕಡೆಯವರಾಗಿಬಿಡುತ್ತೀರಿ. ಮೊದಲ ಎರಡು ಸಾಲು ಯಾರೂ ಅಲ್ಲಗಳೆಯದ ವಿಷಯ. ಬೋರ್ಡಿಗೆ ಬೇಕಾದ ಸಾಲು ಅಲ್ಲಿ ಇಲ್ಲವೇ ಇಲ್ಲ.

ಹೀಗೆ ಬರೆದರೆ ಹೇಗೆ ನೋಡಿ: ‘ಇವರನ್ನು ನಾನು 2021ರ ಆಗಸ್ಟ್‌ನಿಂದ 14 ಸಲ ಪರೀಕ್ಷಿಸಿದ್ದೇನೆ. ಡಿಸ್ಚಾರ್ಜ್ ಬುಕ್, 2011ರ ಎಂಐ ರೂಮಿನ ಚೀಟಿ, ಪತ್ನಿಯ ಹೇಳಿಕೆ ಮತ್ತು ಸಹೋದ್ಯೋಗಿಯೊಬ್ಬರ ಲಿಖಿತ ಹೇಳಿಕೆ ಓದಿದ್ದೇನೆ. ರೋಗಗಳ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10ರ ಎಫ್ 43.1 ಪ್ರಕಾರ ಪಿಟಿಎಸ್‌ಡಿ. ಮರುಕಳಿಸುವ ಕನಸುಗಳಲ್ಲಿ ಬರುವುದು ನಿರ್ದಿಷ್ಟವಾಗಿ 2011ರ ಸ್ಫೋಟದ ಘಟನೆ. ಸೇವೆಗೆ ಸೇರುವ ಮೊದಲು ಮಾನಸಿಕ ಕಾಯಿಲೆಯ ಚರಿತ್ರೆ ಇಲ್ಲ, ಶಾಲೆ ಮತ್ತು ಮೊದಲ ಎಂಟು ವರ್ಷದ ಸೇವೆ ಸರಿಯಾಗಿತ್ತು. 2016ರಲ್ಲಿ ತಂದೆ ತೀರಿದ್ದು ಕೂಡ ನೋವಿನ ಘಟನೆಯೇ, ಆದರೆ ನಿದ್ರಾಹೀನತೆ ಅದಕ್ಕಿಂತ ಐದು ವರ್ಷ ಮುಂಚೆ ದಾಖಲಾಗಿದೆ. ಈ ಕಾರಣಗಳಿಂದ ಕಾಯಿಲೆಯ ಆರಂಭ ಸೇವೆಯಲ್ಲಿದ್ದಾಗಿನದು ಎಂಬುದು ನನ್ನ ಅಭಿಪ್ರಾಯ.’

ವಿವರಗಳು ನಾನು ಕಟ್ಟಿದ್ದು, ಮಾದರಿಗೆ. ಆ ತಂದೆ ತೀರಿದ ಸಾಲನ್ನು ಮಾತ್ರ ಬಿಡಬೇಡಿ. ರೋಗಿಗೆ ವಿರುದ್ಧ ಎನಿಸಿದ್ದನ್ನು ಮುಚ್ಚಿಟ್ಟರೆ ಬೋರ್ಡಿನ ಡಾಕ್ಟರು ಅದನ್ನೇ ಹುಡುಕಿ ಎತ್ತಿ ಹಿಡಿಯುತ್ತಾರೆ. ನೀವೇ ಹೇಳಿ, ನೀವೇ ತೂಗಿ ನೋಡಿದರೆ ಅವರು ಉತ್ತರ ಕೊಡಬೇಕಾಗುತ್ತದೆ. ಪಿಸಿಎಲ್-5, ಪಿಎಚ್‌ಕ್ಯೂ-9 ಅಂಥ ಪ್ರಶ್ನಾವಳಿಗಳಿಂದ ಅಳತೆ ಮಾಡಿದ್ದರೆ ಅಂಕಗಳನ್ನು ತಾರೀಖಿನ ಜೊತೆ ಬರೆಯಿರಿ. ಕೆಲಸಕ್ಕೆ ಏನು ತೊಂದರೆ, ಮನೆಯಲ್ಲಿ ಏನು ತೊಂದರೆ ಎಂದು ಎರಡು ಸಾಲು. ಮುಂದಿನ ಬೋರ್ಡು ಶೇಕಡಾವಾರು ಹಾಕುವಾಗ ಅದನ್ನು ನೋಡುತ್ತದೆ.

ಇಷ್ಟು ಮಾಡಿದರೂ ಸಿವಿಲ್ ಡಾಕ್ಟರ ಕಾಗದ ಸೇನೆಯ ಬೋರ್ಡನ್ನು ನೇರವಾಗಿ ಅಳಿಸಿಹಾಕುವುದಿಲ್ಲ. ಮತ್ತೊಮ್ಮೆ ಪರೀಕ್ಷಿಸಿ ಎಂದು ಕೇಳಲು ಕಾಲೂರುವ ಜಾಗ ಕೊಡುತ್ತದೆ. ಅಷ್ಟೇ ಸಾಕು ಎಷ್ಟೋ ಸಲ. ಮತ್ತೆ, ‘ಹಿಂದಿನ ತಾರೀಖು ಹಾಕಿಕೊಡಿ ಸಾರ್’ ಎಂದು ಕೇಳುವವರು ಬರುತ್ತಾರೆ. ಬರೆಯಬೇಡಿ. ಒಬ್ಬ ಬರೆದದ್ದು ಸಿಕ್ಕಿಬಿದ್ದರೆ ಮುಂದಿನ ಇಪ್ಪತ್ತು ನಿಜದ ಕಾಗದಗಳನ್ನು ಯಾರೂ ನಂಬುವುದಿಲ್ಲ.

ಪ್ರಶ್ನೆ: ಅಪ್ಪ ಸೇನೆಯಲ್ಲಿ ಕುಡಿತ ಕಲಿತರು. ಆಲ್ಕೋಹಾಲ್ ಡಿಪೆಂಡೆನ್ಸ್ ಎಂದು ಬರೆದು ಕಳಿಸಿಬಿಟ್ಟರು. ಆಮೇಲೆ ಇಲ್ಲಿಯ ಡಾಕ್ಟರು ಬೈಪೋಲಾರ್ (ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆ) ಎಂದರು. ಪೆನ್ಶನ್ ಸಿಗುತ್ತದಾ? (ಹಾಸನ)

ಕುಡಿತವನ್ನು ‘ಸ್ವಂತ ಹತೋಟಿಯಲ್ಲಿರುವುದು’ ಎಂದು ನಿಯಮ ಲೆಕ್ಕ ಹಾಕುತ್ತದೆ, ಅದಕ್ಕೆ ಪರಿಹಾರ ಇಲ್ಲ. ನನಗೆ ಈ ನಿಯಮದ ಮೇಲೆ ಸಿಟ್ಟಿದೆ, ರಮ್ಮನ್ನು ಕ್ಯಾಂಟೀನಿನಲ್ಲಿ ಕೊಡುವವರೂ ಅವರೇ ತಾನೇ. ಆದರೆ ನನ್ನ ಸಿಟ್ಟು ಟ್ರಿಬ್ಯೂನಲ್ಲಿನಲ್ಲಿ ನಡೆಯುವುದಿಲ್ಲ.

ನೀವು ನೋಡಬೇಕಾದ್ದು ಯಾವುದು ಮೊದಲು ಎಂಬುದು. ಬೈಪೋಲಾರ್ ಇರುವವರು ಕುಡಿತಕ್ಕೆ ಬೀಳುವುದು ವೈದ್ಯರಿಗೆ ಹೊಸದಲ್ಲ. ಕುಡಿತದ ದಾಖಲೆಗೆ ಮೊದಲೇ ಮೂರು ದಿನ ನಿದ್ದೆಯಿಲ್ಲದೆ ಓಡಾಡಿದ್ದು, ಇದ್ದಬದ್ದ ದುಡ್ಡು ಖರ್ಚು ಮಾಡಿದ್ದು, ಹೇಳದೆ ಯೂನಿಟ್ ಬಿಟ್ಟು ಹೋಗಿದ್ದು ಇವೆಯಾ? ಶಿಕ್ಷೆಯ ದಾಖಲೆಗಳನ್ನೂ ತರಿಸಿ. ಮನೆಯವರು ಅವನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ, ಆದರೆ ಅದರಲ್ಲಿರುವ ತಾರೀಖುಗಳನ್ನು ಬೈಪೋಲಾರ್ ಎಂದ ಡಾಕ್ಟರ ಮುಂದೆ ಇಟ್ಟರೆ ಅವರಿಗೆ ಅಲ್ಲಿ ಕಾಯಿಲೆಯ ಏರಿಳಿತ ಕಾಣಬಹುದು. ಅಪ್ಪ ಎಷ್ಟು ಕುಡಿಯುತ್ತಿದ್ದರು ಎಂಬುದನ್ನು ಅವರಿಂದ ಮುಚ್ಚಿಡಬೇಡಿ.

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ, ಮೂಲ ಶಿವಮೊಗ್ಗ. ಮಗ ಇಲ್ಲಿಯ ಸೇನೆಯಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿ ಬಂದ. ಮಾಜಿ ಸೈನಿಕರ ಇಲಾಖೆ ವಿಎಗೆ ಅರ್ಜಿ ಹಾಕಬೇಕಂತೆ. ತಾಯಿಯಾಗಿ ನಾನೇನು ಮಾಡಬಹುದು?

ಅಲ್ಲಿಯ ವ್ಯವಸ್ಥೆ ಬೇರೆ, ಒಂದು ಲೆಕ್ಕದಲ್ಲಿ ಅರ್ಜಿದಾರನಿಗೆ ಸಲೀಸು. ಮೂರು ವಿಷಯ ಕೂಡಬೇಕು: ಈಗ ಕಾಯಿಲೆ ಇದೆ, ಸೇವೆಯಲ್ಲಿ ಒಂದು ಘಟನೆ ನಡೆದಿದೆ, ಎರಡಕ್ಕೂ ನಂಟಿದೆ ಎಂದು ವೈದ್ಯರು ಹೇಳುತ್ತಾರೆ. ಆ ನಂಟು ನೂರಕ್ಕೆ ನೂರು ಖಚಿತ ಇರಬೇಕಿಲ್ಲ. ಇರುವ ಸಾಧ್ಯತೆ, ಇಲ್ಲದಿರುವ ಸಾಧ್ಯತೆ ಸಮ ಎಂದಾದರೂ ಸೈನಿಕನ ಪರ. 2010ರಲ್ಲಿ ಇನ್ನೂ ಸಡಿಲಿಸಿದರು. ಶತ್ರು ದಾಳಿಯ ಭಯದಿಂದ ಬಂದ ಪಿಟಿಎಸ್‌ಡಿ ಎಂದು ವಿಎ ಕಡೆಯ ಮನೋವೈದ್ಯರು ಒಪ್ಪಿದರೆ, ಅವನು ಹೇಳಿದ್ದು ಅವನ ಸೇವೆಯ ಜಾಗಕ್ಕೂ ಬಗೆಗೂ ಹೊಂದಿದರೆ, ಘಟನೆಗೆ ಬೇರೆ ಕಾಗದದ ಸಾಕ್ಷಿ ಕೇಳುವುದಿಲ್ಲ. ರೇಟಿಂಗ್ 0, 10, 30, 50, 70, 100, ಇಷ್ಟೇ ಮೆಟ್ಟಿಲು. ಕೆಲಸ ಮತ್ತು ಸಂಬಂಧಗಳು ಎಷ್ಟು ಕೆಟ್ಟಿವೆ ಎಂಬುದೇ ಅಳತೆ.

ನೀವು ಮಾಡಬಹುದಾದ್ದು, 21-10210 ಎಂಬ ಫಾರಂನಲ್ಲಿ ಕಂಡದ್ದನ್ನು ಬರೆಯುವುದು. ಹೋಗುವ ಮೊದಲು ಹೇಗಿದ್ದ, ಬಂದ ಮೇಲೆ ಹೇಗಿದ್ದಾನೆ. ‘ತುಂಬಾ ಬದಲಾಗಿದ್ದಾನೆ’ ಎಂದು ಬರೆಯಬೇಡಿ. ಯುಗಾದಿಗೆ ನೆಂಟರು ಬಂದಾಗ ಗ್ಯಾರೇಜಿನಲ್ಲಿ ಹೋಗಿ ಕೂತ, ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರುವುದಿಲ್ಲ, ಅಂಥದ್ದನ್ನು ಬರೆಯಿರಿ. ವಿಎ ಪರೀಕ್ಷೆಯ ದಿನ ಅವನು ನೀಟಾಗಿ ಶೇವ್ ಮಾಡಿಕೊಂಡು ‘ಐ ಆ್ಯಮ್ ಫೈನ್’ ಎಂದು ಹೇಳಿ ಬರುವ ಪೈಕಿ ಎಂದು ನಿಮ್ಮ ಪತ್ರ ಓದಿದರೆ ಅನಿಸುತ್ತದೆ. ಅತಿ ಕೆಟ್ಟ ದಿನ ಹೇಗಿರುತ್ತದೆ ಎಂಬುದನ್ನೂ ಹೇಳಬೇಕು ಎಂದು ತಿಳಿಸಿ ಹೇಳಿ. ತಯಾರಿಗೆ ಸಮಯ ಬೇಕಾದರೆ ಮೊದಲು ‘ಇಂಟೆಂಟ್ ಟು ಫೈಲ್’, ಅಂದರೆ ಅರ್ಜಿ ಹಾಕಲಿದ್ದೇನೆ ಎಂಬ ಸೂಚನೆ, ಸಲ್ಲಿಸಿಬಿಡಲಿ, ಒಂದು ವರ್ಷದವರೆಗೆ ಆ ತಾರೀಖು ಅವನ ಹೆಸರಿಗೆ ಉಳಿಯುತ್ತದೆ. ಮೊದಲ ಅರ್ಜಿಗೆ ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ವಿಎ ಮಾನ್ಯತೆ ಇರುವ ಮಾಜಿ ಸೈನಿಕರ ಸಂಸ್ಥೆಗಳು ಪುಕ್ಕಟೆಯಾಗಿ ಮಾಡಿಕೊಡುತ್ತವೆ. ರಾತ್ರಿ ಹೊತ್ತು ಭಯವಾದರೆ ಅಲ್ಲಿಯ ಸಹಾಯವಾಣಿ 988, ಆಮೇಲೆ 1 ಒತ್ತಿ.

ಪ್ರಶ್ನೆ: ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆ ಶೇಕಡ 60 ಎಂದು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಕೊಟ್ಟಿದ್ದಾರೆ. ಸೇನೆ ಬೋರ್ಡು ಶೇಕಡ 20 ಕೊಟ್ಟಿದೆ. 60 ಮಾಡಿಸಬಹುದಲ್ವಾ? (ತುಮಕೂರು)

ಕಾರ್ಡಿನಿಂದ ಆಗುವುದಿಲ್ಲ. ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯದು, ಅಳತೆಗೋಲೇ ಬೇರೆ, ‘ಸೇವೆಯಿಂದ ಬಂತಾ’ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಆ ಕಾರ್ಡಿನ ಸವಲತ್ತು ಬೇರೆ ತೆಗೆದುಕೊಳ್ಳಿ. ಕಾಯಿಲೆ ನಿಜವಾಗಿ ಹೆಚ್ಚಾಗಿದ್ದರೆ ಸೇನೆಯಿಂದಲೇ ಮರುಪರೀಕ್ಷೆ ಕೇಳಬೇಕು, ಆಗ ಬೋರ್ಡಿನ ನಂತರದ ಚಿಕಿತ್ಸಾ ಕಾಗದಗಳೆಲ್ಲ ಬೇಕು.

ಪ್ರಶ್ನೆ: ಇನ್ನೂ ಸರ್ವಿಸ್‌ನಲ್ಲಿದ್ದೇನೆ, ಊರು ಬಾಗಲಕೋಟೆ ಕಡೆ. ಎರಡು ತಿಂಗಳಿಂದ ನಿದ್ದೆ ಇಲ್ಲ, ಕೈ ನಡುಗುತ್ತದೆ. ಯೂನಿಟ್ಟಿನ ಡಾಕ್ಟರ್ ಆರ್‌ಎಂಒ ಹತ್ತಿರ ಹೋದರೆ ‘ಎಸ್’ ಕ್ಯಾಟಗರಿ ಹಾಕುತ್ತಾರೆ, ಪ್ರಮೋಷನ್ ಹೋಗುತ್ತದೆ ಎಂದು ಜೊತೆಯವರು ಹೆದರಿಸುತ್ತಾರೆ.

ಪ್ರಮೋಷನ್ನಿಗೆ ತೊಂದರೆ ಆಗಬಹುದು, ಸುಳ್ಳು ಹೇಳುವುದಿಲ್ಲ. ಸೇನೆಯ ವೈದ್ಯಕೀಯ ದರ್ಜೆ ಶೇಪ್ (SHAPE) ಎಂಬುದರ ಮೊದಲ ಅಕ್ಷರ ‘ಎಸ್’ ಮನಸ್ಸಿನದ್ದು. ಆದರೆ ಕೈ ನಡುಗುವವನು ರೈಫಲ್ ಹಿಡಿದು ರಾತ್ರಿ ಸಂತ್ರಿ ಡ್ಯೂಟಿ ನಿಲ್ಲುವುದಕ್ಕಿಂತ ದೊಡ್ಡ ತೊಂದರೆ ಅದಲ್ಲ. ಹೋಗು ತಮ್ಮ, ನಾಳೆಯೇ ಹೋಗು. ನಿದ್ದೆ ಯಾವತ್ತಿನಿಂದ ಇಲ್ಲ, ಅದಕ್ಕೆ ಮುಂಚೆ ಏನಾಯಿತು, ಯಾವ ಪೋಸ್ಟಿನಲ್ಲಿದ್ದೆ, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಅದನ್ನೇ ಓದಿ ಹೇಳು. ಗಾಬರಿಯಲ್ಲಿ ‘ಮನೆ ಟೆನ್ಶನ್ನು ಸಾರ್’ ಎಂದು ಬಾಯಿತಪ್ಪಿ ಹೇಳಿಬಿಡುತ್ತಾರೆ ಹುಡುಗರು, ನಿಜ ಇದ್ದರೆ ಹೇಳು, ಇಲ್ಲದಿದ್ದರೆ ಸುಮ್ನೆ ಹೇಳಬೇಡ. ಆ ಮೂರು ಪದ ಹತ್ತು ವರ್ಷ ಫೈಲಿನಲ್ಲಿ ಕೂತಿರುತ್ತವೆ.

ಅಲ್ಲಿಯ ತನಕ ಯಾರ ಹತ್ತಿರವಾದರೂ ಮಾತಾಡಬೇಕು ಎನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಎತ್ತುತ್ತಾರೆ. 2023ರ ಡಿಸೆಂಬರ್‌ನಿಂದ ಸೇನೆಯವರಿಗೆಂದೇ ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ ಒಂದು ವಿಭಾಗವೂ ಇದೆ. ಕನ್ನಡದಲ್ಲಿ ಮಾತಾಡುವವರು ಬೇಕು ಎಂದು ಮೊದಲೇ ಹೇಳು. ಇವತ್ತು ರಾತ್ರಿಯೇ ಮಾಡು.